ವಾಲಿಯ ಪ್ರಶ್ನೆ ಯಾವ ಸೀರೀಸ್‌ನಲ್ಲಿದೆ? ನಾಲ್ಕರ ಹೋಲಿಕೆ

ಇಂಗ್ಲಿಷ್ ಸೀರೀಸ್ ಗೇಮ್ ಆಫ್ ಥ್ರೋನ್ಸ್‌ನ ಕೊನೆಯ ಸೀಸನ್ ನೋಡಿ ಸಿಟ್ಟಾಗದವರು ನಮ್ಮ ಗಂಗಾವತಿಯಲ್ಲೂ ಸಿಗುವುದು ಕಷ್ಟ. ಆದರೆ ಸಿಟ್ಟು ಯಾಕೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಡ್ರ್ಯಾಗನ್‌ಗಳ ಒಡತಿ ಡೆನೇರಿಸ್ ಕೆಟ್ಟವಳಾದಳು ಅಂತ ಕೆಲವರಿಗೆ ಬೇಸರ. ಜಾನ್ ಸ್ನೋ ರಾಜನಾಗಲಿಲ್ಲ ಅಂತ ಇನ್ನು ಕೆಲವರಿಗೆ. ಕಥೆ ಸರಿಯಾಗೇ ಇತ್ತು, ಅವಸರ ಜಾಸ್ತಿ ಆಯ್ತು ಅಷ್ಟೇ ಅನ್ನುವುದು ನನ್ನ ಅಣ್ಣನ ಮಗನ ವಾದ. ಹೋದ ಬೇಸಿಗೆಯಲ್ಲಿ ರಾತ್ರಿ ಊಟ ಮುಗಿಸಿ, ಮಾಳಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾವಿಬ್ಬರೂ ಅದನ್ನು ಮತ್ತೆ ನೋಡಿದೆವು. ಅದರ ಜೊತೆಗೆ ಸೂಪರ್‌ಹೀರೋ ಸೀರೀಸ್‌ಗಳಾದ ದಿ ಫ್ಲ್ಯಾಶ್, ವಾಂಡಾವಿಷನ್, ಲೋಕಿ. ನಾಲ್ಕರಲ್ಲೂ 'ಇದೇನು ಹಿಂಗ್ ಮಾಡಿದ್ರು' ಅನ್ನಿಸುವ ತಿರುವುಗಳಿವೆ. ಯಾವುದು ಕಥೆಯನ್ನು ಕೆಡಿಸಿತು, ಯಾವುದು ಉಳಿಸಿತು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಕಥೆಗಳ ಕೊನೆಯೆಲ್ಲಾ ಬಂದುಬಿಡುತ್ತದೆ. ಇನ್ನೂ ನೋಡದವರು ಮೊದಲು ನೋಡಿ ಬನ್ನಿ.

ನಾನು ಅಳೆಯುವುದು ಒಂದೇ ಅಳತೆಯಿಂದ. ಅದು ಸಿಕ್ಕಿದ್ದು ನಮ್ಮ ಪಕ್ಕದ ಆನೆಗೊಂದಿಯ ಕಥೆಯಲ್ಲಿ. ಅಂಜನಾದ್ರಿ, ಪಂಪಾ ಸರೋವರ, ವಾಲಿ ಕಿಲ್ಲಾ ಎಲ್ಲಾ ಅಲ್ಲೇ ಅಕ್ಕಪಕ್ಕ. ಇದೇ ಕಿಷ್ಕಿಂಧೆ ಅಂತ ನಂಬಿಕೆ. ವಾಲಿಯ ಕಥೆ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಯೋಚನೆ ಮಾಡಿ, ಅದೆಂಥ ಕಷ್ಟದ ತಿರುವು! ಅಣ್ಣ ತಮ್ಮ ಕಾದಾಡುತ್ತಿರುವಾಗ ಕಥೆಯ ನಾಯಕ ಮರೆಯಲ್ಲಿ ನಿಂತಿರುತ್ತಾನೆ. ಮೊದಲ ಸಲ ಯಾರು ವಾಲಿ, ಯಾರು ಸುಗ್ರೀವ ಗೊತ್ತಾಗದೆ ಬಾಣ ಬಿಡುವುದಿಲ್ಲ. ಸುಗ್ರೀವ ಏಟು ತಿಂದು ಓಡಿ ಬರುತ್ತಾನೆ. ಎರಡನೇ ಸಲ ಗುರುತಿಗೆ ಅಂತ ಅವನ ಕೊರಳಿಗೆ ಹೂಬಳ್ಳಿ ಹಾಕಿ ಕಳಿಸುತ್ತಾರೆ. ಬಾಣ ತಾಗುತ್ತದೆ. ಆಗ ಬಿದ್ದ ವಾಲಿಯೇ ಕೇಳುತ್ತಾನೆ: ನಾನು ನಿನಗೇನು ಮಾಡಿದ್ದೆ, ಎದುರಿಗೆ ಬಂದು ಯಾಕೆ ಹೊಡೆಯಲಿಲ್ಲ? ರಾಮ ಉತ್ತರ ಕೊಡಲೇಬೇಕಾಗುತ್ತದೆ. ಆ ಉತ್ತರ ಒಪ್ಪುವವರಿದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ನಮ್ಮ ಮನಸ್ಸಿನಲ್ಲಿ ಎದ್ದ ಪ್ರಶ್ನೆಯನ್ನು ಕಥೆ ಮುಚ್ಚಿಡಲಿಲ್ಲ, ಬಾಯಿಬಿಟ್ಟು ಕೇಳಿತು.

ತೊಗಲುಗೊಂಬೆ ಆಟದಲ್ಲೂ ಅಷ್ಟೇ. ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೆಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅದೇ ಆಟ. ರಾಜ ರಾಣಿಯರ ಕಥೆ ನಡೆಯುವಾಗ ಕಿಳ್ಳೆಕ್ಯಾತ, ಬಂಗಾರಕ್ಕ ನಡುವೆ ನುಗ್ಗುತ್ತಾರೆ. ಬರೀ ನಗಿಸುವುದಕ್ಕಲ್ಲ, ಕೂತು ನೋಡುವವರ ಬಾಯಿಂದ ಬರಬೇಕಾದ ಮಾತನ್ನು ಅವರೇ ಆಡಿಬಿಡುತ್ತಾರೆ. ಹಾಗಾಗಿ ಯಾವ ಸೀರೀಸ್ ನೋಡಿದರೂ ನಾನು ಹುಡುಕುವುದು ಇದನ್ನೇ. ಈ ತಿರುವನ್ನು ಕಥೆಯೊಳಗೆ ಯಾರಾದರೂ ಕೇಳಿದರಾ? ಕೇಳಿದವರಿಗೆ ಉತ್ತರ ಸಿಕ್ಕಿತಾ?

ಮೊದಲು ಗೇಮ್ ಆಫ್ ಥ್ರೋನ್ಸ್. 2011ರಿಂದ 2019ರವರೆಗೆ 8 ಸೀಸನ್, 73 ಎಪಿಸೋಡ್. ಒಂದು ಸಿಂಹಾಸನಕ್ಕಾಗಿ ಮನೆತನಗಳು ಕಾದಾಡುವ ಕಥೆ. ಮೊದಲ ಸೀಸನ್ನಿನ 9ನೇ ಎಪಿಸೋಡ್‌ನಲ್ಲಿ ನೆಡ್ ಸ್ಟಾರ್ಕ್ ತಲೆ ಹೋಗುತ್ತದೆ. ನಾಯಕ ಅಂದುಕೊಂಡವನನ್ನೇ ಕೊಂದರಲ್ಲಾ ಅಂತ ಎದೆ ಧಸಕ್ಕೆನ್ನುತ್ತದೆ. ಆದರೂ ಮೋಸ ಹೋದೆವು ಅನ್ನಿಸುವುದಿಲ್ಲ. ರಾಣಿ ಸರ್ಸಿಯ ಮಕ್ಕಳು ರಾಜನಿಗೆ ಹುಟ್ಟಿದವರಲ್ಲ ಅನ್ನುವ ಗುಟ್ಟು ಗೊತ್ತಾದ ಮೇಲೆ ನೆಡ್ ಅದನ್ನು ಅವಳಿಗೇ ಹೋಗಿ ಹೇಳುತ್ತಾನೆ, ಮಕ್ಕಳನ್ನು ಕರಕೊಂಡು ಓಡಿಹೋಗು ಅಂತ. ಆ ಒಳ್ಳೆಯತನವೇ ಅವನನ್ನು ಕೊಲ್ಲುತ್ತದೆ. ಅವನನ್ನು ಬಿಡಿಸಲು ದಂಡು ಕಟ್ಟಿಕೊಂಡು ಹೊರಟಿದ್ದ ಮಗ ಈಗ ಅವನ ಸಾವಿನ ಲೆಕ್ಕ ಕೇಳುತ್ತಾನೆ. ಮುಂದಿನ ಕಥೆಯೆಲ್ಲಾ ಆ ಲೆಕ್ಕವೇ.

ಈಗ ಕೊನೆಯ ಎಪಿಸೋಡ್ ನೋಡಿ. ನಾಡಿನ ದೊಡ್ಡವರೆಲ್ಲಾ ಸೇರಿದ್ದಾರೆ. ಕೈಗೆ ಕೋಳ ಹಾಕಿಸಿಕೊಂಡ ಸರ್ಸಿಯ ತಮ್ಮ ಟಿರಿಯನ್ ಬಂದು, ನೆಡ್‌ನ ಮಗ ಬ್ರಾನ್ ರಾಜನಾಗಲಿ ಅನ್ನುತ್ತಾನೆ. ಅವನಷ್ಟು ದೊಡ್ಡ ಕಥೆ ಇನ್ನಾರದೂ ಇಲ್ಲವಂತೆ. 5ನೇ ಸೀಸನ್ನಿನಲ್ಲಿ ಈ ಬ್ರಾನ್ ಒಂದು ದೃಶ್ಯದಲ್ಲೂ ಇಲ್ಲ! ಹೋಗಲಿ, ಅಲ್ಲಿ ಕೂತವರಾದರೂ ಕೇಳಬೇಕಲ್ವಾ? ಬ್ರಾನ್‌ನ ಅಕ್ಕ ಸಾನ್ಸಾ ಒಬ್ಬಳು ನಮ್ಮ ಉತ್ತರದ ನಾಡು ಬೇರೆಯೇ ಇರುತ್ತದೆ ಅನ್ನುತ್ತಾಳೆ. ಸರಿ ಅಂತ ಒಪ್ಪಿಬಿಡುತ್ತಾರೆ. ಅವಳ ಎದುರಿಗೇ ಯಾರಾ ಗ್ರೇಜಾಯ್ ಕೂತಿದ್ದಾಳೆ. ತನ್ನ ದ್ವೀಪಗಳಿಗೆ ಸ್ವಾತಂತ್ರ್ಯ ಕೊಡಬೇಕು ಅಂತ 6ನೇ ಸೀಸನ್ನಿನಲ್ಲಿ ಡೆನೇರಿಸ್ ಜೊತೆ ಮಾತುಕತೆ ಮಾಡಿಕೊಂಡವಳು. ಹಾಗಾದರೆ ನಮಗೂ ಬೇಕು ಅಂತ ಒಂದು ಮಾತು ಆಡುವುದಿಲ್ಲ. ಸುಮ್ನೆ ಒಪ್ಪಿಗೆ ಕೊಟ್ಟು ಕೂರುತ್ತಾಳೆ. ಡಾರ್ನ್‌ನ ಹೊಸ ದೊರೆಯೂ ಹಾಗೇ. ಆ ದೃಶ್ಯವನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅಷ್ಟು ಜನ ಕೂತ ಜಾಗದಲ್ಲಿ ಒಬ್ಬರೂ ವಾಲಿಯ ಹಾಗೆ ಬಾಯಿ ಬಿಡುವುದಿಲ್ಲ. ಎಂಟು ವರ್ಷ ಕಟ್ಟಿದ ಕಥೆ ನನ್ನ ಪಾಲಿಗೆ ಮುರಿದದ್ದು ಅಲ್ಲೇ.

ಎಲ್ಲರೂ ಬೈಯುವ ಡೆನೇರಿಸ್ ತಿರುವು ನನಗೆ ಅಷ್ಟು ಕೆಟ್ಟದ್ದು ಅನ್ನಿಸುವುದಿಲ್ಲ. ಶರಣಾಗತಿಯ ಗಂಟೆ ಬಾರಿಸಿದ ಮೇಲೂ ಅವಳು ಊರು ಸುಡುತ್ತಾಳೆ. ಆದರೆ ಅದನ್ನು ಕೇಳುವವರಿದ್ದಾರೆ. ಸೆರೆಮನೆಯಲ್ಲಿ ಟಿರಿಯನ್ನೂ ಜಾನ್‌ನೂ ಅದನ್ನೇ ಮಾತಾಡುತ್ತಾರೆ. ಸುಟ್ಟ ಮಕ್ಕಳ ವಿಷಯವನ್ನು ಜಾನ್ ಅವಳ ಮುಂದೆಯೇ ನಿಂತು ಎತ್ತುತ್ತಾನೆ. ಅಲ್ಲಿ ಕೊರತೆ ಆದದ್ದು ಸಮಯ. "ಕಾಕಾ, ಹತ್ತು ಎಪಿಸೋಡ್ ಇದ್ದಿದ್ರ ಇದನ್ನ ಯಾರೂ ಬೈತಿರ್ಲಿಲ್ಲ ನೋಡು" ಅಂತ ಹುಡುಗ ಹೇಳಿದ್ದು ಇಲ್ಲಿ ನಿಜ. ಮೊದಲ ಆರು ಸೀಸನ್ನಿಗೂ ಹತ್ತತ್ತು ಎಪಿಸೋಡ್, 7ನೆಯದಕ್ಕೆ ಏಳು, 8ನೆಯದಕ್ಕೆ ಆರು. ಅವಸರ ಎಲ್ಲೆಲ್ಲೂ ಎದ್ದು ಕಾಣುತ್ತದೆ. ಶುರುವಿನಲ್ಲಿ ರಾಜ ನೆಡ್‌ನ ಊರು ವಿಂಟರ್‌ಫೆಲ್‌ಗೆ ಬರಲು ಒಂದು ತಿಂಗಳು ಹಿಡಿಯುತ್ತದೆ. 7ನೇ ಸೀಸನ್ನಿನಲ್ಲಿ ಜಾನ್ ಜೊತೆಗಿದ್ದ ಗೆಂಡ್ರಿ ಹಿಮದಲ್ಲಿ ಓಡಿ ಸುದ್ದಿ ಮುಟ್ಟಿಸಿ, ಕಾಗೆ ಡೆನೇರಿಸ್ ಇದ್ದ ಡ್ರ್ಯಾಗನ್‌ಸ್ಟೋನ್‌ಗೆ ಹಾರಿ, ಅಲ್ಲಿಂದ ಡ್ರ್ಯಾಗನ್‌ಗಳು ಬಂದು ಇಳಿಯುವಷ್ಟರಲ್ಲಿ ನಡುಗಡ್ಡೆ ಮೇಲೆ ಸಿಕ್ಕಿಬಿದ್ದವರು ಇನ್ನೂ ಹಾಗೇ ಕಾಯುತ್ತಿರುತ್ತಾರೆ.

ದಿ ಫ್ಲ್ಯಾಶ್ ನನಗೆ ಬೇರೆ ತರದ ನೋವು ಕೊಟ್ಟಿತು. 2014ರಲ್ಲಿ ಶುರುವಾಗಿ 2023ಕ್ಕೆ ಮುಗಿದ 9 ಸೀಸನ್. ಮೊದಲ ಸೀಸನ್ನಿನ ಕೊನೆಯಷ್ಟು ಚೆಂದದ ದೃಶ್ಯ ಸೂಪರ್‌ಹೀರೋ ಸೀರೀಸ್‌ಗಳಲ್ಲಿ ನಾನು ನೋಡಿದ್ದು ಕಡಿಮೆ. ಮಿಂಚಿನ ವೇಗದಲ್ಲಿ ಓಡುವ ನಾಯಕ ಬ್ಯಾರಿ ಕಾಲದಲ್ಲಿ ಹಿಂದಕ್ಕೆ ಓಡಿ, ತಾಯಿ ಕೊಲೆಯಾದ ರಾತ್ರಿಗೆ ಬರುತ್ತಾನೆ. ಅಲ್ಲಿ ಮುಂದಿನ ಕಾಲದ ಬ್ಯಾರಿಯೇ ಬೇಡ ಅಂತ ಕೈಸನ್ನೆ ಮಾಡುತ್ತಾನೆ. ಇವನು ಬಾಗಿಲ ಹಿಂದೆ ನಿಂತು ಅಳುತ್ತಾನೆ, ಉಳಿಸುವುದಿಲ್ಲ. ಎಲ್ಲಾ ಮುಗಿದ ಮೇಲೆ ಹತ್ತಿರ ಹೋಗಿ ಮುಖವಾಡ ತೆಗೆದು, ನಾನು ನಿನ್ನ ಮಗ, ನಾನೂ ಅಪ್ಪನೂ ಚೆನ್ನಾಗಿದ್ದೀವಿ ಅಂತ ತಾಯಿಗೆ ಹೇಳುತ್ತಾನೆ. ಎರಡನೇ ಸೀಸನ್ನಿನ ಕೊನೆಯಲ್ಲಿ ಅದೇ ರಾತ್ರಿಗೆ ಮತ್ತೆ ಓಡಿ ಅವಳನ್ನು ಉಳಿಸಿಬಿಡುತ್ತಾನೆ. ಹಿಂದಿನ ವರ್ಷ ನಾವು ಕಣ್ಣೀರು ಹಾಕಿದ್ದಕ್ಕೆ ಬೆಲೆಯೇ ಇಲ್ಲದಂತಾಯಿತು.

ಆ ಹೊಸ ಲೋಕವಾದರೂ ನಾಲ್ಕು ದಿನ ಉಳಿಯಿತಾ? 3ನೇ ಸೀಸನ್ನಿನ ಮೊದಲ ಎಪಿಸೋಡ್‌ನಲ್ಲೇ ಅದನ್ನು ಅಳಿಸುತ್ತಾನೆ. ವಾಪಸ್ ಬಂದರೆ ಗೆಳೆಯ ಸಿಸ್ಕೊನ ಅಣ್ಣ ಡ್ಯಾಂಟೆ ಸತ್ತಿದ್ದಾನೆ. ಇನ್ನೊಬ್ಬ ಗೆಳೆಯ ಡಿಗಲ್‌ಗೆ ಮಗಳಿದ್ದ ಜಾಗದಲ್ಲಿ ಮಗನಿದ್ದಾನೆ. ಸಿಸ್ಕೊ ಕೇಳುತ್ತಾನೆ. ಅಷ್ಟರ ಮಟ್ಟಿಗೆ ಫ್ಲ್ಯಾಶ್ ನನ್ನ ಅಳತೆಯಲ್ಲಿ ಗೇಮ್ ಆಫ್ ಥ್ರೋನ್ಸ್ ಕೊನೆಗಿಂತ ಮೇಲೆ. ನಿನ್ನ ತಾಯಿಗಾಗಿ ಕಾಲವನ್ನೇ ತಿರುಗಿಸಿದೆ, ನನ್ನ ಅಣ್ಣನಿಗೆ ಯಾಕಿಲ್ಲ ಅನ್ನೋದು ಸರಿಯಾದ ಪ್ರಶ್ನೆ. ಆದರೆ ಕೆಲವು ಎಪಿಸೋಡ್ ಮುನಿಸಿಕೊಂಡಿದ್ದು ಸಿಸ್ಕೊ ಸಮಾಧಾನವಾಗುತ್ತಾನೆ. ಡಿಗಲ್‌ನ ಮಗಳ ಮಾತು ಬಂದಷ್ಟೇ ಬೇಗ ಮುಗಿದುಹೋಗುತ್ತದೆ. ಒಂದು ಮಗುವೇ ಇಲ್ಲವಾಯಿತಲ್ಲಾ! ಅದಕ್ಕೆ ಇಷ್ಟೇನಾ?

ವಾಂಡಾವಿಷನ್ ಬಗ್ಗೆ ನಮ್ಮಿಬ್ಬರಿಗೂ ಜಗಳವೇ ಆಯ್ತು. 2021ರ ಶುರುವಿನಲ್ಲಿ ಬಂದ 9 ಎಪಿಸೋಡ್. ಪ್ರೀತಿಸಿದ ವಿಷನ್‌ನನ್ನು ಕಳಕೊಂಡ ದುಃಖದಲ್ಲಿ ವಾಂಡಾ ಒಂದು ಇಡೀ ಊರನ್ನು ಮಾಯೆಯೊಳಗೆ ಕಟ್ಟಿಹಾಕಿ, ಅಲ್ಲಿ ಅವನನ್ನೇ ಗಂಡನಾಗಿ ಸೃಷ್ಟಿಸಿಕೊಂಡು ಮಕ್ಕಳ ಜೊತೆ ಸಂಸಾರ ಹೂಡುತ್ತಾಳೆ. ಊರವರು ಅವಳು ಬರೆದ ಪಾತ್ರ ಆಡುತ್ತಾ ಒಳಗೊಳಗೇ ನರಳುತ್ತಿರುತ್ತಾರೆ. ಕೊನೆಯ ಎಪಿಸೋಡ್‌ನಲ್ಲಿ ಅವರಿಗೆ ಎಚ್ಚರವಾಗಿ, ಅವಳನ್ನು ಸುತ್ತುಗಟ್ಟಿ ಕೇಳುತ್ತಾರೆ. ಒಬ್ಬ ತಾಯಿ, ನನ್ನ ಮಗಳನ್ನು ಕೋಣೆಯಿಂದ ಹೊರಗೆ ಬಿಡು ಅಂತ ಅಂಗಲಾಚುತ್ತಾಳೆ. ಆ ಹೊತ್ತಿಗೆ ನಮ್ಮವ್ವ ನೀರಿನ ಚೆಂಬು ಹಿಡಿದುಕೊಂಡು ಮಾಳಿಗೆಗೆ ಬಂದಿದ್ದಳು. ಭಾಷೆ ತಿಳಿಯದು, ಏನು ಅಂತ ಕೇಳಿದಳು, ಹೇಳಿದೆವು. ಅಲ್ಲೇ ಕೂತು ಪೂರ್ತಿ ನೋಡಿದಳು. ಮುಗಿದ ಮೇಲೆ ಅವಳು ಕೇಳಿದ್ದು ಒಂದೇ, "ಆ ಕೂಸು ಹೊರಗ ಬಂತೇನಪಾ?"

ಈ ನಾಲ್ಕರಲ್ಲಿ ಪ್ರಶ್ನೆಯನ್ನು ಇಷ್ಟು ಗಟ್ಟಿಯಾಗಿ ಕೇಳಿದ ಸೀರೀಸ್ ಇನ್ನೊಂದಿಲ್ಲ. ಅದಕ್ಕೇ ಉತ್ತರ ನೋಡಿ ನನಗೆ ಅಷ್ಟು ಸಿಟ್ಟು. ವಾಂಡಾ ಮಾಯೆ ತೆಗೆಯುತ್ತಾಳೆ, ಗಂಡ ಮಕ್ಕಳು ಅದರ ಜೊತೆ ಕರಗಿಹೋಗುತ್ತಾರೆ, ನಿಜ. ಆಮೇಲೆ ತನಿಖೆಗೆ ಬಂದಿದ್ದ ಅಧಿಕಾರಿ ಮೋನಿಕಾ ಬಂದು, ನೀನು ಅವರಿಗಾಗಿ ಏನು ತ್ಯಾಗ ಮಾಡಿದೆ ಅನ್ನೋದು ಅವರಿಗೆ ಎಂದೂ ಗೊತ್ತಾಗಲ್ಲ ಅಂತ ವಾಂಡಾಗೇ ಸಮಾಧಾನ ಹೇಳುತ್ತಾಳೆ. ಮೋನಿಕಾ ಕೂಡ ಸ್ವಲ್ಪ ದಿನ ಆ ಮಾಯೆಯಲ್ಲಿ ಸಿಕ್ಕಿದ್ದವಳು, ಆದರೆ ಆ ಊರವಳಲ್ಲ. ಕಟ್ಟಿಹಾಕಿದವಳು ಬಿಟ್ಟದ್ದನ್ನು ತ್ಯಾಗ ಅನ್ನೋದು ಹೇಗೆ? ಊರವರ ಮುಖದಲ್ಲಿ ಅಷ್ಟು ಕೋಪ ತೋರಿಸಿ, ಅವರ ಬಾಯಿಗೆ ಇನ್ನೊಂದು ಮಾತು ಕೊಡಲಿಲ್ಲ. ಹುಡುಗನ ಪ್ರಕಾರ ಇದು ದುಃಖದ ಕಥೆ, ಕೋರ್ಟಿನ ಕಥೆ ಅಲ್ಲ. ಮೊದಲ ಎಂಟು ಎಪಿಸೋಡ್‌ಗೆ ಅವನ ಮಾತು ಒಪ್ಪುತ್ತೇನೆ. ದುಃಖವನ್ನು ಇಷ್ಟು ಚೆನ್ನಾಗಿ ಹೇಳಿದ ಸೂಪರ್‌ಹೀರೋ ಕಥೆ ಅಪರೂಪ. ಒಂಬತ್ತನೆಯದಕ್ಕೆ ಒಪ್ಪಲ್ಲ.

ಲೋಕಿ ನನ್ನ ಪಟ್ಟಿಯಲ್ಲಿ ಮೊದಲನೆಯದು. ಅದರಲ್ಲೂ ಅನುಮಾನದ ತಿರುವುಗಳು ಬೇಕಾದಷ್ಟಿವೆ. ಮೊದಲ ಎಪಿಸೋಡ್‌ನಲ್ಲೇ, ಹತ್ತು ವರ್ಷ ಮಾರ್ವೆಲ್ ಸಿನಿಮಾಗಳಲ್ಲಿ ಯಾವ ಮಾಯಾಕಲ್ಲುಗಳಿಗಾಗಿ ಅಷ್ಟು ಯುದ್ಧ ನಡೆಯಿತೋ ಅವು ಕಾಲವನ್ನು ಕಾಯುವ ಆಫೀಸಿನ ಡ್ರಾಯರ್‌ನಲ್ಲಿ ಬಿದ್ದಿರುತ್ತವೆ. ಕಾಗದ ಹಾರದಂತೆ ಇಡೋಕೆ ಬಳಸುತ್ತಾರಂತೆ. ನಮ್ಮ ಹಾಗೇ ಲೋಕಿಯೂ ಬೆಪ್ಪಾಗಿ ನಿಲ್ಲುತ್ತಾನೆ. ಅದಕ್ಕೇ ಆ ದೃಶ್ಯ ಕೆಡುವುದಿಲ್ಲ. 2ನೇ ಸೀಸನ್ನಿನ ನಡುವೆ ಯಂತ್ರದ ಮಾತು ಜಾಸ್ತಿಯಾಗಿ ತಲೆನೋವು ಬರುವುದು ಮಾತ್ರ ನಿಜ.

ಆದರೆ ಕೊನೆ! 2021ರ ಮೊದಲ ಸೀಸನ್ ಮುಗಿಯುವಾಗ, ಬೇಡ ಅಂತ ಲೋಕಿ ಅಷ್ಟು ತಡೆದರೂ ಅವನದೇ ಇನ್ನೊಂದು ರೂಪವಾದ ಸಿಲ್ವಿ ಕಾಲದ ಒಡೆಯನನ್ನು ಕೊಲ್ಲುತ್ತಾಳೆ. 2023ರ ಎರಡನೇ ಸೀಸನ್ ಪೂರ್ತಿ ಅದರ ಸಾಲ ತೀರಿಸುವ ಕಥೆ. ಲೋಕಿ ಅದೇ ಗಳಿಗೆಗೆ ಮತ್ತೆ ಮತ್ತೆ ಹೋಗುತ್ತಾನೆ. ಶತಮಾನಗಟ್ಟಲೆ ವಿದ್ಯೆ ಕಲಿಯುತ್ತಾನೆ. ಸಿಲ್ವಿಯನ್ನು ಕೊಂದರೆ ಎಲ್ಲಾ ಸರಿಹೋಗುತ್ತದೆ ಅನ್ನುವ ಸುಲಭದ ದಾರಿಯೂ ಎದುರಿಗಿರುತ್ತದೆ. ಅದನ್ನು ಬಿಟ್ಟು, ಕಾಲದ ಎಳೆಗಳನ್ನು ಕೈಯಲ್ಲಿ ಹಿಡಿದು ಒಬ್ಬನೇ ಸಿಂಹಾಸನದ ಮೇಲೆ ಹೋಗಿ ಕೂರುತ್ತಾನೆ. ಯಾವಾಗಲೂ ಸಿಂಹಾಸನ ಬೇಕು ಅನ್ನುತ್ತಿದ್ದವನಿಗೆ ಸಿಂಹಾಸನ ಸಿಕ್ಕಿತು, ಆಳುವುದಕ್ಕಲ್ಲ, ಹೊರುವುದಕ್ಕೆ. ಕಾಲ ತಿರುಗಿಸಿದ ಬ್ಯಾರಿಯ ಬೆಲೆ ಸಿಸ್ಕೊ ತೆತ್ತ. ಇಲ್ಲಿ ಲೋಕಿ ತಾನೇ ತೆತ್ತ.

ಹೊಸಬರಿಗೆ ಲೋಕಿಯಿಂದ ಶುರು ಮಾಡಿ ಅಂತ ಹೇಳುತ್ತೇನೆ, ಎರಡೂ ಸೀಸನ್ ಸೇರಿ ಹನ್ನೆರಡೇ ಎಪಿಸೋಡ್. ಗೇಮ್ ಆಫ್ ಥ್ರೋನ್ಸ್ ಮೊದಲ ನಾಲ್ಕು ಸೀಸನ್ ಯಾರೂ ತಪ್ಪಿಸಬಾರದು. ಆಮೇಲಿನದು ಅವರವರ ತಾಳ್ಮೆ. ವಾಂಡಾವಿಷನ್ ಮನೆಯವರೆಲ್ಲಾ ಕೂತು ನೋಡಿ, ಮುಗಿದ ಮೇಲೆ ಮಾತಾಡೋಕೆ ಒಂದು ಗಂಟೆ ಇಟ್ಟುಕೊಳ್ಳಿ. ಫ್ಲ್ಯಾಶ್ ಮೊದಲ ಸೀಸನ್ ಪೂರ್ತಿ ನೋಡಿ, ತಾಯಿಯ ಹತ್ತಿರ ಬ್ಯಾರಿ ಕೂತ ಆ ಎಪಿಸೋಡ್ ಮುಗಿಸಿ ನಿಲ್ಲಿಸಿಬಿಡಿ.