ಗ್ರೂಪ್ ಬೈಗೆ ಹಣ ಹಾಕಿದ್ದೀರಾ? ಮೊದಲು ದಿನ ಎಣಿಸಿ

ಹದಿನಾಲ್ಕು ತಿಂಗಳು ಕಾದೆ. ವಸ್ತು ಬರಲಿಲ್ಲ, ಹಣವೂ ಬರಲಿಲ್ಲ. ಅದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ಹಣ ವಾಪಸ್ ಕೇಳುವ ದಾರಿ ನನಗಿತ್ತು. ನಾನು ಸುಮ್ನೆ ಕೂತಿದ್ದಾಗಲೇ ಅದರ ಗಡುವು ಮುಗಿದುಹೋಯಿತು.

ನನಗೆ ಮೆಕ್ಯಾನಿಕಲ್ ಕೀಬೋರ್ಡ್ ಹುಚ್ಚು. ಈ ಹವ್ಯಾಸದಲ್ಲಿ ಗ್ರೂಪ್ ಬೈ, ಅಂದರೆ ಹಲವರು ಸೇರಿ ಒಟ್ಟಿಗೆ ಆರ್ಡರ್ ಹಾಕುವುದು, ಹೊಸದೇನಲ್ಲ. ಬೇಕಾದ ಬಣ್ಣದ ಕೀಕ್ಯಾಪ್ (ಕೀಲಿಗಳ ಮೇಲಿನ ಪ್ಲಾಸ್ಟಿಕ್ ಮುಚ್ಚಳ) ಸೆಟ್ಟನ್ನು ಕಾರ್ಖಾನೆಯವರು ಒಂದೆರಡು ಮಾಡಿಕೊಡುವುದಿಲ್ಲ. ಅಚ್ಚು ಹೊಂದಿಸಬೇಕು, ಪ್ಲಾಸ್ಟಿಕ್‌ಗೆ ಬಣ್ಣ ಬೆರೆಸಿ ಮಾದರಿ ತೆಗೆಯಬೇಕು, ಸರಿಹೋಗದಿದ್ದರೆ ಮತ್ತೆ ಬೆರೆಸಬೇಕು. ಇಷ್ಟು ಕೆಲಸಕ್ಕೆ ಕನಿಷ್ಠ ಇಂತಿಷ್ಟು ಸೆಟ್ ಆರ್ಡರ್ ಬೇಕೇ ಬೇಕು ಎನ್ನುತ್ತಾರೆ. ಹಾಗಾಗಿ ಒಬ್ಬರು ಮುಂದೆ ನಿಂತು ಜನ ಸೇರಿಸುತ್ತಾರೆ, ಎಲ್ಲರ ಹಣವನ್ನೂ ಮುಂಗಡವಾಗಿ ಪಡೆದು ಆರ್ಡರ್ ಹಾಕುತ್ತಾರೆ. ತಿಂಗಳುಗಟ್ಟಲೆ ಕಾಯುವುದು ಮಾಮೂಲು, ಒಂದು ವರ್ಷ ದಾಟುವುದೂ ಉಂಟು. ಎಲ್ಲರಿಗೂ ಕಾದು ಅಭ್ಯಾಸವಾಗಿರುವುದರಿಂದಲೇ ಏನಾದರೂ ಎಡವಟ್ಟಾದರೆ ಬೇಗ ಗೊತ್ತಾಗುವುದಿಲ್ಲ.

ನಮ್ಮ ಗುಂಪಿನಲ್ಲಿ ಮುಂದೆ ನಿಂತವರು ಹೊಸಬರಲ್ಲ. ಅದಕ್ಕೂ ಮುಂಚೆ ಎರಡು ಸಣ್ಣ ಆರ್ಡರ್ ತಲುಪಿಸಿದ್ದರು. ಯಾವ ಹೊತ್ತಿನಲ್ಲಿ ಕೇಳಿದರೂ ಉತ್ತರ ಕೊಡುತ್ತಿದ್ದರು. ಈ ಸಲ 112 ಜನ ಸೇರಿದೆವು. ಹಣ ಹೋಗಿದ್ದು ಅವರ ಸ್ವಂತ ಖಾತೆಗೆ. "ಪೇಪಾಲ್‌ನಲ್ಲಿ ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಅಂತ ಕಳಿಸಿ, ಕಮಿಷನ್ ಉಳಿಯುತ್ತೆ" ಎಂದಿದ್ದರು. ತುಂಬಾ ಜನ ಹಾಗೇ ಕಳಿಸಿದರು. ಆ ದಾರಿಯಲ್ಲಿ ಕಳಿಸಿದ ಹಣಕ್ಕೆ ಖರೀದಿದಾರರ ರಕ್ಷಣೆ, ಅಂದರೆ ವಸ್ತು ಬರದಿದ್ದರೆ ಪೇಪಾಲ್‌ಗೆ ದೂರು ಕೊಟ್ಟು ಹಣ ವಾಪಸ್ ಕೇಳುವ ದಾರಿ, ಸಿಗುವುದಿಲ್ಲ, ಕಳಿಸಿದವರಿಗೆ ಅದು ಗೊತ್ತಿರಲಿಲ್ಲ. ನಾನು ಖರೀದಿ ಅಂತಲೇ ಕಳಿಸಿದ್ದೆ. ಆದರೂ ಕಳೆದುಕೊಂಡೆ.

ಮೊದಲ ಮೂರು ತಿಂಗಳು ಮಾದರಿಯ ಫೋಟೋಗಳು ಬಂದವು. ಆಮೇಲೆ ಬಣ್ಣ ಸರಿ ಬಂದಿಲ್ಲ ಎಂದರು. ಅದಾದ ಮೇಲೆ ಕಾರ್ಖಾನೆಯಲ್ಲಿ ನಮ್ಮ ಸರದಿ ಬಂದಿಲ್ಲ ಎಂದರು. ಇವೆಲ್ಲ ನಿಜವಾಗಿಯೂ ಆಗುವಂಥವೇ, ಅದಕ್ಕೇ ನಂಬಿದೆವು. ಐದನೇ ತಿಂಗಳಲ್ಲಿ ಒಬ್ಬರು, "ಕಾರ್ಖಾನೆಗೆ ಹಣ ಕಟ್ಟಿದ ರಸೀದಿ ತೋರಿಸ್ತೀರಾ?" ಎಂದು ಮೆಲ್ಲಗೆ ಕೇಳಿದರು. ಎಲ್ಲರೂ ಅವರ ಮೇಲೆ ಮುಗಿಬಿದ್ದರು. "ಇಷ್ಟು ಕಷ್ಟಪಡ್ತಿದ್ದಾರೆ, ಸ್ವಲ್ಪ ತಾಳ್ಮೆ ಇರಲಿ" ಎಂದು ನಾನೂ ಬರೆದೆ. ಆಮೇಲೆ ರಸೀದಿ ಕೇಳಿದವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಆದರೂ ಆ ಮಾತು ನನ್ನನ್ನು ಇನ್ನೂ ಚುಚ್ಚುತ್ತದೆ. ಅವತ್ತು ನಾವು 112 ಜನವೂ ಅದನ್ನೇ ಕೇಳಿದ್ದರೆ ಗಡುವಿಗೆ ಇನ್ನೂ ಒಂದು ತಿಂಗಳಿತ್ತು.

ಆರನೇ ತಿಂಗಳಲ್ಲಿ ನಮ್ಮ ಗುಂಪಿನ ಮುಂದೆ ನಿಂತವರು ಇನ್ನೊಂದು ಗ್ರೂಪ್ ಬೈ ಶುರು ಮಾಡಿದರು. ನಮ್ಮದು ಇನ್ನೂ ಬಾಕಿ ಇರುವಾಗಲೇ! ಆಗಲೂ ಯಾರೂ ಮಾತಾಡಲಿಲ್ಲ. ಕೊನೆಗೆ ನಮ್ಮಲ್ಲೊಬ್ಬರು ಕಾರ್ಖಾನೆಗೇ ನೇರವಾಗಿ ಬರೆದರು. ವಿನ್ಯಾಸ ಬಂದಿದೆ, ಮಾದರಿ ಮಾಡಿದ್ದೇವೆ, ಮುಂಗಡ ಮಾತ್ರ ಬಂದೇ ಇಲ್ಲ ಎಂದು ಉತ್ತರ ಬಂತು. ಹಿಂದಿನ ಆರ್ಡರಿನ ಸಾಗಣೆ ಖರ್ಚಿನ ಲೆಕ್ಕ ತಪ್ಪಿತ್ತು. ಆ ಗುಂಡಿ ಮುಚ್ಚಲು ಮುಂದೆ ನಿಂತವರು ನಮ್ಮ ಹಣ ಹಾಕಿದ್ದರು. ನಮ್ಮ ಗುಂಡಿ ಮುಚ್ಚಲು ಮುಂದಿನವರ ಹಣ ಬರಬೇಕಿತ್ತು. ಅವರು ಮೊದಲಿನಿಂದಲೂ ಮೋಸಗಾರರಾಗಿದ್ದರು ಎಂದು ನನಗೆ ಈಗಲೂ ಅನಿಸುವುದಿಲ್ಲ. ಆದರೆ ಆ ಖಾತೆಯನ್ನು ಅವರ ಹೊರತು ಇನ್ನೊಬ್ಬರು ನೋಡುತ್ತಿರಲಿಲ್ಲ. ಒಬ್ಬರೇ ಒಬ್ಬರು ನೋಡಿದ್ದರೂ ಎರಡನೇ ತಿಂಗಳಲ್ಲೇ ಗೊತ್ತಾಗುತ್ತಿತ್ತು.

ಪೇಪಾಲ್‌ನಲ್ಲಿ ಖರೀದಿಯ ಬಗ್ಗೆ ದೂರು ತೆರೆಯಲು ಹಣ ಕಳಿಸಿದ ದಿನದಿಂದ 180 ದಿನ ಸಮಯ. ನಾನು ಹೋಗಿದ್ದು 240 ದಾಟಿದ ಮೇಲೆ. ದೂರು ತೆರೆದರಷ್ಟೇ ಸಾಲದು, 20 ದಿನದೊಳಗೆ ಅದನ್ನು ಕ್ಲೇಮ್ ಆಗಿ, ಅಂದರೆ ಪೇಪಾಲ್‌ನವರೇ ತೀರ್ಮಾನಿಸುವ ದೂರಾಗಿ, ಮುಂದಕ್ಕೆ ಒಯ್ಯಬೇಕು. ಇಲ್ಲದಿದ್ದರೆ ತಾನಾಗಿ ಮುಚ್ಚಿಹೋಗುತ್ತದೆ. ಗ್ರೂಪ್ ಬೈ ನಡೆಸುವವರು "ದೂರು ವಾಪಸ್ ತಗೊಳ್ಳಿ, ಆಮೇಲೆ ಹಣ ಹಾಕ್ತೀನಿ" ಎಂದರೆ ದಯವಿಟ್ಟು ಒಪ್ಪಬೇಡಿ. ಮುಚ್ಚಿದ ದೂರನ್ನು ಮತ್ತೆ ತೆರೆಯಲಾಗುವುದಿಲ್ಲ. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಹಣ ಕಟ್ಟಿದ್ದರೆ, ವಸ್ತು ಬಂದಿಲ್ಲ ಎಂದು ಬ್ಯಾಂಕಿಗೆ ಕೊಡುವ ದೂರಿಗೆ ಸಾಮಾನ್ಯವಾಗಿ 120 ದಿನ. ಕೊಡುತ್ತೇವೆ ಎಂದ ತಾರೀಖಿನಿಂದ ಎಣಿಸುತ್ತಾರೆ. ಅದಕ್ಕೇ ಡೆಲಿವರಿ ತಾರೀಖು ಬರಹದಲ್ಲಿ ಇರಲೇಬೇಕು. "ಆದಷ್ಟು ಬೇಗ" ಎಂಬ ಮಾತನ್ನು ಬ್ಯಾಂಕಿನವರ ಮುಂದೆ ಹಿಡಿದು ಏನು ಮಾಡುತ್ತೀರಿ?

ಈಗ ನಾನು ಹಣ ಹಾಕುವ ಮುಂಚೆ ಮೂರು ವಿಷಯ ಕೇಳುತ್ತೇನೆ. ಖಾತೆಯನ್ನು ಎರಡನೆಯವರು ಯಾರು ನೋಡುತ್ತಾರೆ? ಕಾರ್ಖಾನೆಯ ಇನ್‌ವಾಯ್ಸ್ (ಬಿಲ್ಲು) ಎಲ್ಲರಿಗೂ ಯಾವತ್ತು ತೋರಿಸುತ್ತೀರಿ? ಕನಿಷ್ಠ ಸಂಖ್ಯೆ ತುಂಬದಿದ್ದರೆ ಎಷ್ಟು ದಿನದಲ್ಲಿ ಹಣ ವಾಪಸ್? ಪ್ರಾಮಾಣಿಕವಾಗಿ ನಡೆಸುವವರಿಗೆ ಈ ಪ್ರಶ್ನೆಗಳಿಂದ ಬೇಜಾರಾಗುವುದಿಲ್ಲ. ಇತ್ತೀಚೆಗೆ ಒಬ್ಬರು ನಾನು ಕೇಳುವ ಮೊದಲೇ ಇನ್‌ವಾಯ್ಸ್ ಹಾಕಿದ್ದರು, ನೋಡಿ ನಿಜಕ್ಕೂ ಖುಷಿಯಾಯಿತು.

ನೀವು ಈಗ ಯಾವುದಾದರೂ ಗ್ರೂಪ್ ಬೈನಲ್ಲಿ ಇದ್ದರೆ, ಹಣ ಕಳಿಸಿದ ತಾರೀಖನ್ನು ಇವತ್ತೇ ನೋಡಿ. 150 ದಿನಕ್ಕೆ ಫೋನಿನಲ್ಲಿ ಒಂದು ಅಲಾರಂ ಇಡಿ. ಆ ದಿನ ಇನ್‌ವಾಯ್ಸ್ ಕೇಳಿ. ಒಂದು ವಾರದಲ್ಲಿ ಕೈಗೆ ಬರದಿದ್ದರೆ ಸಂಕೋಚ ಬಿಟ್ಟು ದೂರು ತೆರೆಯಿರಿ.