ಮುಗಿದು ಎರಡು ವರ್ಷ: ಟ್ರಾಮಾ-ಇನ್‌ಫಾರ್ಮ್ಡ್ ಪಿಜಿ ಡಿಪ್ಲೊಮಾ ಮಾಡಿದ ಮೇಲೆ

ನಾನು ಹಾವೇರಿ ಜಿಲ್ಲೆಯಲ್ಲಿ ಆಪ್ತಸಮಾಲೋಚಕಿ. ಹನ್ನೊಂದು ವರ್ಷ ಆಯಿತು. ಗಂಡನ ಹೊಡೆತ ತಿಂದು ಬಂದವರು, ಪೋಕ್ಸೊ ಕೇಸಿನ ಮಕ್ಕಳು, ಸಾಲಕ್ಕೆ ಅಂಜಿ ಜೀವ ಕಳೆದುಕೊಂಡ ರೈತರ ಮನೆಯವರು, ದಿನಾ ಇವರೇ. ಬಂದವರ ಮನಸ್ಸಿಗಾದ ಆಘಾತ (ಟ್ರಾಮಾ) ಅರಿತು ಅವರೊಂದಿಗೆ ನಡೆದುಕೊಳ್ಳುವುದನ್ನು ಕಲಿಸುವ ಒಂದು ವರ್ಷದ ಈ ಡಿಪ್ಲೊಮಾ ಮುಗಿಸಿ ಎರಡು ವರ್ಷ ಕಳೆದಿದೆ. ಸೇರಬೇಕಾ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಫೀ 42 ಸಾವಿರ, ಮೂರು ಕಂತು. ಪಾಠ ಆನ್‌ಲೈನ್. ತಿಂಗಳಿಗೆ ಎರಡು ದಿನ ಧಾರವಾಡದಲ್ಲಿ ಕ್ಲಾಸು. ನಸುಕಿನಲ್ಲೇ ಬಸ್ಸು ಹತ್ತಿ, ಹುಬ್ಬಳ್ಳಿಯಲ್ಲಿ ಇಳಿದು ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸು ಹಿಡಿಯುತ್ತಿದ್ದೆ.

ಥಿಯರಿ ಚೆನ್ನಾಗಿತ್ತು. ಬಾಲ್ಯದ ನೋವು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಹೃದಯದ ಕಾಯಿಲೆ ಹೆಚ್ಚು ಅಂತ ತೋರಿಸಿದ 1998ರ ಎಸಿಇ ಅಧ್ಯಯನ ಗೊತ್ತಿತ್ತು. ಅಮೆರಿಕದ ಸ್ಯಾಮ್ಸಾ ಸಂಸ್ಥೆ 2014ರಲ್ಲಿ ಹೇಳಿದ ನಾಲ್ಕು ಮಾತು ಹೊಸದು: ಆಘಾತ ಎಷ್ಟು ಜನರಲ್ಲಿದೆ ಅಂತ ಅರಿ, ಅದರ ಗುರುತು ಹಿಡಿ, ಅದಕ್ಕೆ ತಕ್ಕಂತೆ ನಡೆದುಕೋ, ಮತ್ತೆ ನೋಯಿಸಬೇಡ. ಕೊನೆಯದು ನನಗೆ ಚುಚ್ಚಿತು. ಮಗುವನ್ನು ಸಾಕ್ಷಿಗಾಗಿ ಪದೇ ಪದೇ ಕೋರ್ಟಿಗೆ ಕರೆಸಬಾರದು ಅಂತ 2012ರ ಪೋಕ್ಸೊ ಕಾಯ್ದೆಯೇ ಹೇಳುತ್ತದೆ. ಆದರೆ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ ಹೇಳಿ ಸುಸ್ತಾದ ಮಗುವಿಗೆ "ಮೊದಲಿಂದ ಹೇಳು ಪುಟ್ಟಿ" ಅಂತಿದ್ದವಳು ನಾನೇ ಅಲ್ವಾ? ಈಗ ಫೈಲು ಮೊದಲು ಓದುತ್ತೇನೆ. ಅದರಲ್ಲಿ ಇಲ್ಲದ್ದಷ್ಟೇ ಕೇಳುತ್ತೇನೆ. ಬಾಗಿಲು ಹಾಕಬೇಕೋ ಬೇಡವೋ ಅನ್ನುವುದನ್ನೂ ಬಂದವರಿಗೇ ಬಿಡುತ್ತೇನೆ. ಇಷ್ಟಕ್ಕೇ ನನ್ನ ದುಡ್ಡು ವಸೂಲಿ.

ಆದರೆ ಪಾಠವೆಲ್ಲ ಇಂಗ್ಲಿಷು, ಉದಾಹರಣೆಯೆಲ್ಲ ದೊಡ್ಡ ಊರಿನವು. ಗಾಬರಿಯಾದವರನ್ನು ಸಮಾಧಾನಕ್ಕೆ ತರಲು 5-4-3-2-1 ಅಂತ ಒಂದು ವಿಧಾನ ಇದೆ. ಕಾಣುವ ಐದು, ಮುಟ್ಟುವ ನಾಲ್ಕು, ಕೇಳುವ ಮೂರು, ಎರಡು ವಾಸನೆ, ಒಂದು ರುಚಿ ಹೇಳಿಸಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಒಬ್ಬರಿಗೆ ಮಾಡಿಸಿದೆ. ಮೂರರವರೆಗೆ ಸರಿಯಾಗಿ ಬಂತು. ವಾಸನೆಗೆ ಬಂದಾಗ ಕೈ ಮೂಸಿ ನೋಡಿಕೊಂಡು, "ಅಕ್ಕಾರ, ಘಾಟ ಬಿಟ್ಟರ ಬ್ಯಾರೆ ಏನೂ ಬರಂಗಿಲ್ರಿ ನನಗ" ಅಂದರು. ಇಬ್ಬರೂ ನಕ್ಕುಬಿಟ್ಟೆವು. ಆ ನಗುವಿನಲ್ಲೇ ಅವರ ಉಸಿರು ಹತೋಟಿಗೆ ಬಂತು. "ಟ್ರಿಗರ್" ಅನ್ನುವ ಪದ ನಾನು ಈಗ ಬಳಸುವುದಿಲ್ಲ. "ಯಾವಾಗ ಎದಿ ಝಲ್ ಅಂತೈತಿ?" ಅಂದರೆ ಸಾಕು, ತಾವೇ ಹೇಳುತ್ತಾರೆ.

ನನಗೆ ಸೇರದ್ದು ರೆಸಿಲಿಯನ್ಸ್, ಅಂದರೆ ನಾವೇ ಕುಗ್ಗದೆ ತಾಳಿಕೊಳ್ಳುವುದನ್ನು ಕಲಿಸುವ ಭಾಗ. ಎಂಟು ವಾರ ಉಸಿರಾಟ, ಡೈರಿ, ಕೃತಜ್ಞತೆಯ ಪಟ್ಟಿ. ನಮ್ಮ ದಣಿವು ಅಳೆಯಲು ಪ್ರೊಕ್ವಾಲ್ ಅಂತ 30 ಪ್ರಶ್ನೆಗಳ ಒಂದು ಫಾರಂ. ಸೇರುವಾಗ ತುಂಬಿದ್ದೆ, ಮುಗಿದಾಗಲೂ ತುಂಬಿದೆ. ಕೆಲಸದ ಖುಷಿಯ ಅಂಕ ಏರಿತ್ತು, ದಣಿವಿನದು ಇದ್ದಲ್ಲೇ. ಇನ್ನೇನಾಗಬೇಕು? ಕೇಸು ಅಷ್ಟೇ, ಗೌರವಧನ ಮೂರು ತಿಂಗಳು ತಡ, ಕೂರುವ ಕೋಣೆ ಒಂದೇ. ಇದನ್ನು ಕ್ಲಾಸಿನಲ್ಲಿ ಎತ್ತಿದಾಗ "ಅದು ಆಡಳಿತದ ವಿಷಯ" ಅಂದರು. ಊಟದ ಹೊತ್ತಿಗೆ ಕೇಳಿದೆ, ಹಾಗೆ ಅಂದವರಿಗೂ ಎರಡು ತಿಂಗಳ ಸಂಬಳ ಬಾಕಿ ಇತ್ತಂತೆ!

ಇನ್ನೊಂದು ತಕರಾರು. ಕೋರ್ಸ್ ನಂತರ ಆರು ತಿಂಗಳು ಸೂಪರ್‌ವಿಷನ್, ಅಂದರೆ ನಮ್ಮ ಕೇಸುಗಳ ಬಗ್ಗೆ ಅನುಭವಿಗಳ ಮಾರ್ಗದರ್ಶನ, ಕೊಡುತ್ತೇವೆ ಅಂದಿದ್ದರು. ಎರಡನೇ ತಿಂಗಳಿಗೇ ನಿಂತಿತು, ಮೇಲ್‌ಗೆ ಉತ್ತರ ಇಲ್ಲ. ಸೇರುವವರು ಇದನ್ನು ಬರಹದಲ್ಲೇ ತೆಗೆದುಕೊಳ್ಳಿ. ಹೊಸದಾಗಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದವರು ಒಂದು ವರ್ಷ ಕೆಲಸ ಮಾಡಿ ಬನ್ನಿ. ಕೇಸು ನೋಡದೆ ಕೂತರೆ ಪಾಠ ಸುಮ್ನೆ ತಲೆಯ ಮೇಲೆ ಹೋಗುತ್ತದೆ.

ನಮ್ಮ ಬ್ಯಾಚಿನ ನಾಲ್ವರು ಈಗ ತಿಂಗಳ ಕೊನೆಯ ಶನಿವಾರ ಹುಬ್ಬಳ್ಳಿಯಲ್ಲಿ ಸೇರುತ್ತೇವೆ. ಹೆಸರು ಹೇಳದೆ ಒಂದೊಂದು ಕೇಸು, ಎರಡೆರಡು ಚಹಾ, ಕೆಲವೊಮ್ಮೆ ಒಂದಿಷ್ಟು ಅಳು. ಇದಕ್ಕೆ ಫೀ ಇಲ್ಲ.