ಆಕ್ಸ್‌ಫರ್ಡ್ ಕಾಮಾ: ಹಾಕೋದಾ, ಬಿಡೋದಾ?

ಇಂಗ್ಲಿಷ್‌ನಲ್ಲಿ ಮೂರು ಅಥವಾ ಜಾಸ್ತಿ ಹೆಸರುಗಳನ್ನು ಸಾಲಾಗಿ ಬರೆಯುವಾಗ ಕೊನೆಯ ‘ಅಂಡ್’ ಅಥವಾ ‘ಆರ್’ಗೆ ಮುಂಚೆ ಹಾಕುವ ಕಾಮಾವೇ ಆಕ್ಸ್‌ಫರ್ಡ್ ಕಾಮಾ. ಹಾಕಿದರೂ ಸರಿ, ಬಿಟ್ಟರೂ ಸರಿ. ಹಾಗಾದರೆ ಯಾವುದು ಒಳ್ಳೆಯದು?

‘ಐ ಮೆಟ್ ಮೈ ಟೀಚರ್ಸ್, ಅನ್ನಾ ಅಂಡ್ ಡೇವಿಡ್’ ಎಂದು ಬರೆದರೆ ಅನ್ನಾ, ಡೇವಿಡ್ ಇಬ್ಬರೇ ಆ ಟೀಚರ್‌ಗಳು ಅನ್ನಿಸುತ್ತದೆ, ಅಲ್ವಾ? ‘ಅನ್ನಾ’ ಆದ ಮೇಲೆ ಒಂದು ಕಾಮಾ ಬಿದ್ದರೆ ಟೀಚರ್‌ಗಳೇ ಬೇರೆ, ಇವರಿಬ್ಬರೇ ಬೇರೆ ಎಂದು ತಿಳಿಯುತ್ತದೆ. ಅಮೆರಿಕದ ಮೇನ್ ರಾಜ್ಯದ ಕಾನೂನಿನಲ್ಲಿ, ಓವರ್‌ಟೈಮ್ ಹಣ ಸಿಗದ ಕೆಲಸಗಳ ಪಟ್ಟಿಯಲ್ಲಿ ಈ ಕಾಮಾ ಇರಲಿಲ್ಲ. ಹಾಗಾಗಿ ವಿತರಣೆಯ ಕೆಲಸವೂ ಆ ಪಟ್ಟಿಗೆ ಸೇರುತ್ತದೋ ಇಲ್ಲವೋ ಸ್ಪಷ್ಟವಿರಲಿಲ್ಲ; ಇದರಿಂದ ಹಾಲಿನ ಕಂಪನಿಯೊಂದರ ಚಾಲಕರಿಗೆ ಅನುಕೂಲವಾಯಿತು. 2017ರಲ್ಲಿ ಮೇಲ್ಮನವಿ ಕೋರ್ಟು ಅವರ ಪರ ನಿಂತಿತು, 2018ರಲ್ಲಿ 50 ಲಕ್ಷ ಡಾಲರ್‌ಗೆ ರಾಜಿಯಾಯಿತು.

ಆದರೆ ಕಾಮಾ ಹಾಕಿದರೆ ಗೊಂದಲವೇ ಇಲ್ಲ ಎಂದುಕೊಳ್ಳಬೇಡಿ. ‘ಮೈ ಟೀಚರ್, ಅನ್ನಾ, ಅಂಡ್ ಡೇವಿಡ್’ ನೋಡಿ. ಇಲ್ಲಿ ಅನ್ನಾನೇ ಟೀಚರಾ, ಬೇರೆಯವರಾ? ‘ಅಂಡ್’ಗೆ ಮುಂಚಿನ ಕಾಮಾ ತೆಗೆದರೇನೇ ಮೂವರೂ ಬೇರೆ ಬೇರೆ ಎಂದು ಸ್ಪಷ್ಟ. ಇಂಥ ಕಡೆ ನಾನಾದರೆ ಹೆಸರುಗಳ ಕ್ರಮವನ್ನೇ ಬದಲಿಸುತ್ತೇನೆ.

ಪತ್ರಿಕೆಗೆ ಬರೆಯುವವರು ಬಿಡಬಹುದು; ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಬರವಣಿಗೆ ಶೈಲಿಯಲ್ಲಿ ಸರಳ ಪಟ್ಟಿಗೆ ಅದು ಬೇಡ. ಪ್ರಬಂಧ, ಕರಾರು, ಪುಸ್ತಕ ಬರೆಯುವವರು ಹಾಕುವುದೇ ಮೇಲು. ಪುಸ್ತಕ ಪ್ರಕಾಶನದಲ್ಲಿ ಬಳಸುವ ಶಿಕಾಗೋ ಶೈಲಿ ಕೈಪಿಡಿಯ ಸಲಹೆಯೂ ಅದೇ. ಒಂದೇ ಬರಹದಲ್ಲಿ ಒಮ್ಮೆ ಹಾಕಿ ಒಮ್ಮೆ ಸುಮ್ನೆ ಬಿಡುವುದು ಮಾತ್ರ ಬೇಡ.